ಆಕಾಶ ದೊಡ್ಡದಾಯಿತು, ಒಂದು ನಕ್ಷತ್ರ ಸಾಕು

ಪ್ರಶ್ನೆ: ನನಗೆ 21 ವರ್ಷ, ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಎಂಟು ವರ್ಷ ಕರ್ನಾಟಕ ಸಂಗೀತದಲ್ಲಿ ಪಿಟೀಲು ಕಲಿತಿದ್ದೇನೆ. ಸ್ಟಾಫ್ ನೊಟೇಶನ್ (ಪಾಶ್ಚಾತ್ಯ ಸ್ವರಲಿಪಿ) ಬರೆಯಲು ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸಿಂಫನಿ ಆರ್ಕೆಸ್ಟ್ರಾಗೆ ಹತ್ತು ನಿಮಿಷದ ಕೃತಿಯೊಂದನ್ನು ಬರೆಯುತ್ತಿದ್ದೇನೆ. ವಿಷಯ ಬಾಹ್ಯಾಕಾಶ. ಎಷ್ಟು ತಿದ್ದಿದರೂ ಸಿನಿಮಾ ಬ್ಯಾಕ್‌ಗ್ರೌಂಡ್ ಥರ ಕೇಳಿಸುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ? ನಾಸಾದವರು ಬಿಡುಗಡೆ ಮಾಡುವ ಧ್ವನಿಗಳನ್ನು ಸೇರಿಸಬಹುದಾ? ಅಂಕಿಅಂಶಗಳನ್ನೇ ನೇರವಾಗಿ ಸ್ವರ ಮಾಡಿದರೆ ಹೇಗೆ? ‘ಅಲ್ಲಿ ಶಬ್ದವೇ ಇಲ್ಲ, ನೀನು ಬರೆಯೋದೆಲ್ಲ ಸುಳ್ಳು’ ಅಂತ ಗೆಳೆಯ ರೇಗಿಸುತ್ತಾನೆ. ನನ್ನ ಹತ್ತಿರ ಟೆಲಿಸ್ಕೋಪ್ ಕೂಡ ಇಲ್ಲ. (ಹಾಸನದಿಂದ ಒಬ್ಬ ಓದುಗರು)

ಉತ್ತರ: ನೀವು ಕಳಿಸಿದ ಮೂರು ನಿಮಿಷದ ತುಣುಕನ್ನು ಎರಡು ಸಲ ಕೇಳಿದೆ. ಶುರುವಿನಿಂದಲೇ ಡಬಲ್ ಬೇಸ್‌ಗಳು ಕೆಳಗಿನ ಒಂದೇ ಸ್ವರ ಹಿಡಿದು ಕೂತಿವೆ. ಅದರ ಮೇಲೆ ಪಿಟೀಲುಗಳು ಮಂಜಿನ ಹಾಗೆ ಹರಡುತ್ತವೆ. ಅರ್ಧ ನಿಮಿಷಕ್ಕೆ ಸರಿಯಾಗಿ ‘ಆ...’ ಅನ್ನುವ ಕೋರಸ್ ಬರುತ್ತದೆ. ರಿವರ್ಬ್, ಅಂದರೆ ಮಾರ್ದನಿ, ಅಂತೂ ಗೋಳಗುಮ್ಮಟದಷ್ಟಿದೆ. ಕೆಟ್ಟದಾಗಿಲ್ಲ, ಸ್ವರ ಜೋಡಿಸುವ ಕೈ ನಿಮಗಿದೆ. ಆದರೆ ಇದನ್ನು ಕೇಳಿದಾಗ ನೆನಪಾಗೋದು ಆಕಾಶ ಅಲ್ಲ, ಆಕಾಶ ತೋರಿಸಿದ ಸಿನಿಮಾಗಳು.

ಕಾರಣ ಇಷ್ಟೇ. ನೀವು ‘ಬಾಹ್ಯಾಕಾಶ’ದ ಮೇಲೆ ಬರೆಯಲು ಕೂತಿದ್ದೀರಿ. ಅದು ಒಂದು ವಿಷಯವೇ ಅಲ್ಲ. ಸಮುದ್ರವನ್ನು ಸಾರು ಮಾಡಲು ಆಗುವುದಿಲ್ಲ, ಬಂಗುಡೆಯೋ ಕಾಣೆಯೋ ಒಂದನ್ನು ತರಬೇಕು. ಆಕಾಶದಲ್ಲಿ ನಡೆಯುವ ಒಂದೇ ಒಂದು ಕೆಲಸವನ್ನು ಆರಿಸಿ. ಅದು ಹೇಗೆ ಕಾಣುತ್ತದೆ, ಎಷ್ಟು ಭವ್ಯವಾಗಿದೆ ಅನ್ನೋದನ್ನು ಪಕ್ಕಕ್ಕಿಡಿ. ಹೊತ್ತು ಕಳೆದ ಹಾಗೆ ಅದು ಏನು ಮಾಡುತ್ತದೆ ಅಂತ ಮಾತ್ರ ಕೇಳಿ. ಮತ್ತೆ ಮತ್ತೆ ಬರುತ್ತದಾ? ನಿಧಾನ ಆಗುತ್ತಾ ಹೋಗುತ್ತದಾ? ತಟ್ಟನೆ ನಿಲ್ಲುತ್ತದಾ? ಏನಾದರೂ ಅಡ್ಡ ಬರುತ್ತದಾ? ನಮ್ಮ ಕೈಯಲ್ಲಿರುವ ಸಾಮಾನು ಹೊತ್ತು ಒಂದೇ ಅಲ್ವಾ? ಭವ್ಯತೆ ಬರುವುದಾದರೆ ತಾನಾಗಿ ಬರುತ್ತದೆ.

ಹೋಲ್ಸ್ಟ್ ಏನು ಮಾಡಿದ ನೋಡಿ. ಏಳು ಗ್ರಹಗಳಿಗೆ ಏಳು ಭಾಗಗಳಿರುವ ಅವನ ಆರ್ಕೆಸ್ಟ್ರಾ ಕೃತಿ ‘ದಿ ಪ್ಲಾನೆಟ್ಸ್’ ನೀವು ಕೇಳಿಯೇ ಇರುತ್ತೀರಿ, ನಿಮ್ಮ ತುಣುಕಿನಲ್ಲಿ ಅದರ ನೆರಳೂ ಇದೆ. ಗುಸ್ತಾವ್ ಹೋಲ್ಸ್ಟ್ ಲಂಡನ್ನಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. 1914ರಿಂದ 1917ರ ನಡುವೆ, ಪಾಠದಿಂದ ಬಿಡುವು ಸಿಕ್ಕಾಗ ಬರೆದ. ಬಲಗೈ ನರಗಳ ನೋವಿತ್ತು. ಅಷ್ಟು ದೊಡ್ಡ ಸ್ಕೋರನ್ನು ಕೈಯಲ್ಲಿ ಬರೆಯಲು ಜೊತೆಯ ಟೀಚರುಗಳು ನೆರವಾದರು. 1918ರ ಸೆಪ್ಟೆಂಬರ್ 29ರಂದು ಕ್ವೀನ್ಸ್ ಹಾಲ್‌ನಲ್ಲಿ ಆಹ್ವಾನಿತರಿಗಾಗಿ ಮೊದಲ ಸಲ ನುಡಿಸಿದಾಗ ಕಂಡಕ್ಟರ್ ಏಡ್ರಿಯನ್ ಬೋಲ್ಟ್. ಗುರುಗ್ರಹದ ಭಾಗ ಬಂದಾಗ ನೆಲ ಒರೆಸುತ್ತಿದ್ದ ಹೆಂಗಸರು ಬ್ರಷ್ ಕೆಳಗಿಟ್ಟು ಕಾರಿಡಾರಿನಲ್ಲಿ ಕುಣಿದರಂತೆ.

ಆದರೆ ಹೋಲ್ಸ್ಟ್ ಟೆಲಿಸ್ಕೋಪ್ ಇಣುಕಿ ಬರೆದವನಲ್ಲ. ಅವನಿಗೆ ಹುಚ್ಚು ಇದ್ದದ್ದು ಜಾತಕದ್ದು. ಮಂಗಳ ಅಂದರೆ ಅವನಿಗೆ ಕೆಂಪು ಮಣ್ಣಿನ ಗ್ರಹ ಅಲ್ಲ, ಯುದ್ಧ ತರುವವನು. ಹಾಗಾಗಿ ಅಲ್ಲಿ ‘ಬಾಹ್ಯಾಕಾಶದ ಸದ್ದು’ ಅನ್ನುವುದನ್ನು ಹುಡುಕಿದರೆ ಸಿಗುವುದಿಲ್ಲ. ಸಿಗುವುದು ಏಳು ಬೇರೆ ಬೇರೆ ನಡೆಗಳು. ಮಂಗಳದ ತಾಳವನ್ನು ಈಗಲೇ ಕೈಯಲ್ಲಿ ಹಾಕಿ ನೋಡಿ, ಐದು ಏಟು: ತಕಿಟ, ತಾ, ತಾ, ತಕ, ತಾ. ಮೊದಲ ಏಟಿನೊಳಗೆ ಮೂರು ಅಕ್ಷರ, ನಾಲ್ಕನೆಯದರೊಳಗೆ ಎರಡು, ಉಳಿದವಕ್ಕೆ ಒಂದೊಂದು. ಮನುಷ್ಯನಿಗಿರುವುದು ಎರಡು ಕಾಲು, ಐದರ ಎಣಿಕೆಗೆ ಸಿಪಾಯಿ ಹೆಜ್ಜೆ ಹಾಕಿದರೆ ಪ್ರತಿ ಸುತ್ತಿಗೂ ಕಾಲು ಬದಲಾಗುತ್ತದೆ. ಮಾರ್ಚ್ ಥರ ಕೇಳಿಸುತ್ತದೆ, ಆದರೆ ಯಾರೂ ಮಾರ್ಚ್ ಮಾಡಲಾರರು. ಜೊತೆಗೆ ತಂತಿಗಳನ್ನು ಕಮಾನಿನ ಕೂದಲಲ್ಲಿ ಉಜ್ಜದೆ ಕಟ್ಟಿಗೆಯಲ್ಲಿ ಬಡಿಯುತ್ತಾರೆ. ಭಯ ಹುಟ್ಟಿಸಲು ಅಷ್ಟೇ ಸಾಕಾಯಿತು ಅವನಿಗೆ.

ಕೊನೆಯ ಭಾಗ ನೆಪ್ಚೂನ್. ಹೆಂಗಸರ ಎರಡು ಕೋರಸ್ ಪಕ್ಕದ ಕೋಣೆಯಲ್ಲಿ, ಸಭಿಕರಿಗೆ ಕಾಣದ ಹಾಗೆ ನಿಂತಿರುತ್ತವೆ. ನಡುವಿನ ಬಾಗಿಲು ತೆರೆದಿರುತ್ತದೆ. ಕೊನೆಯ ಬಾರ್ (ತಾಳದ ಒಂದು ಸುತ್ತು) ಅನ್ನು ಹಾಡುತ್ತಲೇ ಇರಬೇಕು, ಬಾಗಿಲನ್ನು ಸದ್ದಿಲ್ಲದೆ, ನಿಧಾನಕ್ಕೆ ಮುಚ್ಚಬೇಕು. ದನಿ ಯಾವಾಗ ನಿಂತಿತು ಅಂತ ಯಾರಿಗೂ ಗೊತ್ತಾಗಬಾರದು. ನಿಮ್ಮ ಕೋರಸ್ಸಿಗೂ ಇದಕ್ಕೂ ವ್ಯತ್ಯಾಸ ಗಮನಿಸಿ. ನಿಮ್ಮದು ಬಣ್ಣಕ್ಕೆ ಬಂದಿದೆ. ಅವನದಕ್ಕೆ ಒಂದು ಕೆಲಸ ಇದೆ, ದೂರ ಹೋಗುವುದು. ಅಂದ ಹಾಗೆ, ಹೋಲ್ಸ್ಟ್ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ತಾನೇ ಇಂಗ್ಲಿಷಿಗೆ ತಂದು ಸಂಗೀತ ಹಾಕಿದವನು. ಮಹಾಭಾರತದ ಸಾವಿತ್ರಿ ಕಥೆಯ ಮೇಲೆ ಒಂದು ಪುಟ್ಟ ಆಪೆರಾ ಬರೆದಿದ್ದ. ಕಾಣದ ಹೆಂಗಸರ ಕೋರಸ್ ಅಲ್ಲೂ ಇದೆ. ಯಮನ ಕಥೆಗೆ ಮಾಡಿಕೊಂಡ ಉಪಾಯವೇ ಆಮೇಲೆ ಸೌರಮಂಡಲದ ಅಂಚಿಗೆ ಕೆಲಸಕ್ಕೆ ಬಂತು.

ನೀವು ಪಿಟೀಲಿನವರು, ಮುತ್ತುಸ್ವಾಮಿ ದೀಕ್ಷಿತರ ನವಗ್ರಹ ಕೃತಿಗಳ ಪರಿಚಯ ಇರುತ್ತದೆ. ಅಲ್ಲೂ ಖಗೋಳ ಇಲ್ಲ, ಜ್ಯೋತಿಷ ಇದೆ. ಆದರೆ ಕಟ್ಟಿದ ರೀತಿ ನೋಡಿ. ವಾರದ ಏಳು ಗ್ರಹಗಳಿಗೆ ಏಳು ಸುಳಾದಿ ತಾಳಗಳು, ಅದೂ ನೀವು ಅಲಂಕಾರದಲ್ಲಿ ಕಲಿತ ಅದೇ ಸಾಲಿನಲ್ಲಿ. ಸೂರ್ಯನಿಗೆ ಧ್ರುವ, ಚಂದ್ರನಿಗೆ ಮಠ್ಯ, ಮಂಗಳನಿಗೆ ರೂಪಕ, ಹೀಗೆ ಶನಿಗೆ ಏಕ ತಾಳದವರೆಗೆ. ಸುಳಾದಿ ಅನ್ನುವುದು ನಮ್ಮ ಹರಿದಾಸರು ಬೆಳೆಸಿದ್ದು. ಹೋಲ್ಸ್ಟ್‌ಗಿಂತ ನೂರು ವರ್ಷ ಹಿಂದೆಯೇ ಒಬ್ಬರು ಒಂದೊಂದು ಗ್ರಹಕ್ಕೆ ಒಂದೊಂದು ನಡೆ ಕೊಟ್ಟಿದ್ದರು. ಆಕಾಶವನ್ನು ತಾಳದಲ್ಲಿ ಹಿಡಿಯುವುದು ನಿಮಗೆ ಹೊರಗಿನ ವಿದ್ಯೆ ಅಲ್ಲ.

ಈಗ ನಿಮ್ಮ ಗೆಳೆಯನಿಗೆ ಉತ್ತರ. ಅವನು ಹೇಳಿದ್ದು ಮುಕ್ಕಾಲು ಪಾಲು ಸರಿ. ಸದ್ದು ಸಾಗಲು ಗಾಳಿಯೋ ನೀರೋ ಏನಾದರೂ ಬೇಕು. ಆದರೆ ಎಲ್ಲ ಕಡೆಯೂ ಪೂರ್ತಿ ಖಾಲಿ ಇಲ್ಲ. ಪರ್ಸಿಯಸ್ ಗೆಲಾಕ್ಸಿ ಗುಂಪಿನ ನಡುವೆ ಬಿಸಿ ಅನಿಲ ತುಂಬಿದೆ. ಅಲ್ಲಿನ ಕಪ್ಪುಕುಳಿ ಆ ಅನಿಲದಲ್ಲಿ ಅಲೆ ಎಬ್ಬಿಸುತ್ತಿರುವುದು ಚಂದ್ರಾ ಎನ್ನುವ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಿಂದ 2003ರಲ್ಲಿ ಗೊತ್ತಾಯಿತು. ಅದು ನಿಜವಾದ ಶಬ್ದದ ಅಲೆಯೇ. ಸ್ವರ ಬಿ ಫ್ಲ್ಯಾಟ್, ಪಿಯಾನೊದ ನಡುವಿನ ಸಿ ಇಂದ 57 ಸ್ಥಾಯಿ ಕೆಳಗೆ! ಒಂದು ಅಲೆ ದಾಟಲು ಸುಮಾರು 1 ಕೋಟಿ ವರ್ಷ ಬೇಕು. ಕಾಯ್ತಾ ಕೂರೋಕೆ ಹೇಳಿ ಅವನಿಗೆ.

ಮಂಗಳ ಗ್ರಹದಲ್ಲಂತೂ ಗಾಳಿಯೇ ಇದೆ, ತೆಳ್ಳಗೆ. 2021ರಲ್ಲಿ ಇಳಿದ ಪರ್ಸಿವರೆನ್ಸ್ ರೋವರ್ ಮೈಕ್ ಇಟ್ಟು ರೆಕಾರ್ಡ್ ಮಾಡಿತು. ಅದರಿಂದ ತಿಳಿದ ಒಂದು ಸಂಗತಿ ನನಗೆ ಬಹಳ ಇಷ್ಟ. ಅಲ್ಲಿ ತಗ್ಗಿನ ಸ್ವರ ಸೆಕೆಂಡಿಗೆ ಸುಮಾರು 240 ಮೀಟರ್ ಓಡಿದರೆ, ಮೇಲಿನ ಸ್ವರ 250 ಮೀಟರ್ ಓಡುತ್ತದೆ. ಅಂದರೆ ದೂರದಲ್ಲಿ ನಿಂತು ಕೇಳಿದರೆ ಒಂದೇ ಸಲ ನುಡಿಸಿದ ಸ್ವರಗುಚ್ಛದಲ್ಲಿ ಪಿಕೊಲೊ (ಕೀರಲು ದನಿಯ ಪುಟ್ಟ ಕೊಳಲು) ಮೊದಲು ಬರುತ್ತದೆ, ಡಬಲ್ ಬೇಸ್ ಆಮೇಲೆ. ನೂರು ಮೀಟರಿಗೆ ಈ ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ಎರಡು ಭಾಗವೂ ಇಲ್ಲ. ಆದರೆ ನಾವು ಸಂಗೀತಗಾರರು, ಹಿಗ್ಗಿಸಲು ನಮಗೆ ಯಾರ ಅಪ್ಪಣೆಯೂ ಬೇಡ. ಒಂದೇ ಗುಚ್ಛ, ಪ್ರತಿ ಸಲವೂ ಮೇಲಿನಿಂದ ಕೆಳಕ್ಕೆ ಇನ್ನಷ್ಟು ತಡವಾಗಿ ಉದುರುತ್ತಾ ಹೋಗುವುದು. ಕೇಳುವವನು ದೂರ ದೂರ ಸರಿಯುತ್ತಿದ್ದಾನೆ ಅಂತ ಅರ್ಥ. ಕೋರಸ್ಸೂ ಬೇಡ, ರಿವರ್ಬೂ ಬೇಡ.

ಹಾಗಂತ ‘ಅಲ್ಲಿ ಶಬ್ದ ಇದೆಯಾ’ ಅನ್ನುವ ಚರ್ಚೆಗೆ ಜಾಸ್ತಿ ಬೀಳಬೇಡಿ. ಮಳೆಯ ಮೇಲೆ ಬರೆದ ರಾಗ ಒದ್ದೆಯಾಗಿರುವುದಿಲ್ಲ.

ಅಂಕಿಅಂಶದ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಪಲ್ಸಾರ್‌ಗಳಿಗಿಂತ ಒಳ್ಳೆಯ ಪಾಠ ಇಲ್ಲ. ಸತ್ತ ದೊಡ್ಡ ನಕ್ಷತ್ರದ ಗಟ್ಟಿ ತಿರುಳು ಬುಗುರಿಯ ಹಾಗೆ ತಿರುಗುತ್ತಾ, ಲೈಟ್‌ಹೌಸ್‌ನಂತೆ ರೇಡಿಯೊ ಅಲೆ ಬೀಸುತ್ತದೆ. ಪಿಎಸ್‌ಆರ್ ಬಿ0329+54 ಅನ್ನುವ ಪಲ್ಸಾರ್ 0.7145 ಸೆಕೆಂಡಿಗೊಮ್ಮೆ ಬಡಿಯುತ್ತದೆ. 60ನ್ನು ಅದರಿಂದ ಭಾಗಿಸಿ, 84 ಬರುತ್ತದೆ. ನಿಮ್ಮ ಮೆಟ್ರೊನೋಮ್‌ನಲ್ಲಿ 84 ಹಾಕಿದರೆ ಅದೇ ನಕ್ಷತ್ರದ ಕಾಲ. ವೇಲಾ ಪಲ್ಸಾರ್ ಸೆಕೆಂಡಿಗೆ 11 ಸಲ, ಒಳ್ಳೆಯ ಮೃದಂಗದವರ ಫರನ್ ಹಾಗೆ. ಕ್ರ್ಯಾಬ್ ಪಲ್ಸಾರ್ ಸೆಕೆಂಡಿಗೆ ಸುಮಾರು 30 ಸಲ. ಇಲ್ಲಿ ಮಜಾ ಶುರುವಾಗುತ್ತದೆ. ಸೆಕೆಂಡಿಗೆ ಇಪ್ಪತ್ತರ ಹತ್ತಿರ ಬಂದಾಗ ಕಿವಿ ಏಟುಗಳನ್ನು ಎಣಿಸುವುದನ್ನು ಬಿಟ್ಟು ಅದನ್ನು ಸ್ವರ ಅಂತ ಕೇಳಲು ಶುರು ಮಾಡುತ್ತದೆ. ಕ್ರ್ಯಾಬ್ ಆಗಲೇ ಗುಂಯ್‌ಗುಡುವ ತಗ್ಗು ಸ್ವರ. ಸೆಕೆಂಡಿಗೆ 642 ಸಲ ತಿರುಗುವ ಪಲ್ಸಾರ್ ಕೂಡ ಇದೆ. ಅದು ಪಾಶ್ಚಾತ್ಯ ಶ್ರುತಿಯಲ್ಲಿ ಪಿಟೀಲಿನ ಇ ತಂತಿಗಿಂತ ಸುಮಾರು ಕಾಲು ಸ್ವರದಷ್ಟು ಕೆಳಗೆ. ತಾಳವೂ ಸ್ವರವೂ ಒಂದೇ ದಾರದ ಎರಡು ತುದಿ ಅಂತ ಯಾವ ಪುಸ್ತಕವೂ ನನಗೆ ಇಷ್ಟು ಚೆನ್ನಾಗಿ ಹೇಳಿಕೊಟ್ಟಿಲ್ಲ.

ಫ್ರಾನ್ಸಿನ ಜೆರಾರ್ ಗ್ರಿಝೆ ಇದನ್ನೇ ಹಿಡಿದು ಆರು ಜನ ತಾಳವಾದ್ಯದವರಿಗೆ ಸುಮಾರು ಒಂದು ಗಂಟೆಯ ಕೃತಿ ಬರೆದ. ವಾದಕರು ಸಭಿಕರ ಸುತ್ತಲೂ ನಿಲ್ಲುತ್ತಾರೆ. ವೇಲಾ ಮತ್ತು 0329+54 ಪಲ್ಸಾರ್‌ಗಳ ಸದ್ದೂ ಬರುತ್ತದೆ. 1991ರಲ್ಲಿ ಬ್ರಸೆಲ್ಸ್‌ನ ಮೊದಲ ಪ್ರಯೋಗಕ್ಕೆ ಫ್ರಾನ್ಸಿನ ನಾನ್ಸೆ ರೇಡಿಯೊ ದೂರದರ್ಶಕದಿಂದ ಪಲ್ಸಾರ್ ಸಂಕೇತವನ್ನು ನೇರವಾಗಿ ತರಿಸಿದ್ದರು. ಅಂದರೆ ಕಛೇರಿ ಶುರುವಾಗುವ ಹೊತ್ತನ್ನು ನಕ್ಷತ್ರ ಆಕಾಶದಲ್ಲಿ ಎಲ್ಲಿದೆ ಅನ್ನೋದು ನೋಡಿಕೊಂಡು ಇಡಬೇಕಿತ್ತು. ನಮ್ಮಲ್ಲಿ ಮುಹೂರ್ತ ಇಟ್ಟ ಹಾಗೆಯೇ. ಇಲ್ಲಿ ಮೆಚ್ಚಬೇಕಾದ್ದು ಏನು ಅಂದರೆ, ನಕ್ಷತ್ರದ ಸದ್ದನ್ನು ಸುಮ್ನೆ ಹಿಂದೆ ಬಿಟ್ಟು ಮುಂದೆ ಪಿಟೀಲು ನುಡಿಸಲಿಲ್ಲ. ಬಡಿತ ಬರುವುದಕ್ಕೆ ಮೊದಲೇ ಕಿವಿಯನ್ನು ಬಡಿತಕ್ಕೆ ತಯಾರು ಮಾಡಿದ. ನಕ್ಷತ್ರ ಬಂದಾಗ ಅದು ಅತಿಥಿ ವಾದಕನ ಹಾಗೆ ಬರುತ್ತದೆ.

ನಾಸಾ ಧ್ವನಿಗಳ ಬಗ್ಗೆ ನನ್ನ ಅಭಿಪ್ರಾಯವೂ ಇದೇ. ಸಾಮಾನ್ಯವಾಗಿ ಅವಕ್ಕೆ ಕಾಪಿರೈಟ್ ತೊಡಕಿಲ್ಲ, ಆದರೂ ಪ್ರತಿ ಫೈಲಿನ ಜೊತೆಗಿರುವ ಸೂಚನೆ ಓದಿ. ಆದರೆ ಅದಕ್ಕೆ ನಿಮ್ಮ ಕೃತಿಯಲ್ಲಿ ಏನು ಕೆಲಸ ಅಂತ ಒಂದು ವಾಕ್ಯದಲ್ಲಿ ಹೇಳಲು ಆಗದಿದ್ದರೆ ಹಾಕಬೇಡಿ. ಅಲ್ಲಿರುವ ಬಹುಪಾಲು ‘ಧ್ವನಿ’ಗಳು ಯಾರೋ ಅಂಕಿಯನ್ನು ಶಬ್ದಕ್ಕೆ ತಿರುಗಿಸಿದ್ದು. ಯಾವ ಅಂಕಿಗೆ ಯಾವ ಸ್ವರ, ಯಾವ ವಾದ್ಯ ಅಂತ ಆರಿಸಿದ್ದು ಅವರ ರುಚಿ. ನೀವು ಅದನ್ನು ಹಾಕಿದರೆ ನಕ್ಷತ್ರವನ್ನಲ್ಲ, ಅವರ ರುಚಿಯನ್ನು ಹಾಕಿದ ಹಾಗೆ.

ನೀವೇ ಅಂಕಿಯನ್ನು ಸ್ವರ ಮಾಡಿದರೆ? ಮಾಡಬಹುದು, ಆದರೆ ಬಹಳ ಸಲ ಬೆಕ್ಕು ಪಿಯಾನೊ ಮೇಲೆ ನಡೆದ ಹಾಗೆ ಕೇಳಿಸುತ್ತದೆ. ಕೆಲವು ಮಾತ್ರ ತಾವೇ ಸಂಗೀತದ ಲೆಕ್ಕದಲ್ಲಿರುತ್ತವೆ. ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್-1 ನಕ್ಷತ್ರಕ್ಕೆ ಏಳು ಗ್ರಹಗಳು. ಅಕ್ಕಪಕ್ಕದವು ಸುತ್ತುವ ಅವಧಿಗಳ ಅನುಪಾತ ಒಳಗಿನಿಂದ ಹೊರಕ್ಕೆ ಹೆಚ್ಚುಕಡಿಮೆ 8:5, 5:3, 3:2, 3:2, 4:3, 3:2. ನಿಮಗೆ ಗೊತ್ತಿರುವ ಹಾಗೆ 3:2 ಅಂದರೆ ಸ-ಪ, 4:3 ಅಂದರೆ ಸ-ಮ. ಇಡೀ ಸಂಸಾರವೇ ಶ್ರುತಿ ಸೇರಿಸಿಕೊಂಡು ಕೂತಿದೆ. ಆದರೂ ನಿಮ್ಮ ಮೊದಲ ಕೃತಿಗೆ ಇದು ಬೇಡ ಅಂತ ನನ್ನ ಸಲಹೆ. ತೀರಾ ಸಿಹಿ. ಎಲ್ಲವೂ ಮೊದಲೇ ಸರಿಹೋಗಿದ್ದರೆ ನೀವು ಮಾಡಲು ಏನು ಉಳಿಯಿತು?

ನಿಮಗೆ ನಾನು ಕೊಡುವುದು ಬೇರೆ ನಕ್ಷತ್ರ. ಟೆಲಿಸ್ಕೋಪ್ ಬೇಕಿಲ್ಲ, ಮಹಡಿ ಸಾಕು. ಹೆಸರು ಆಲ್ಗಾಲ್.

ಆಲ್ಗಾಲ್ ಅಂದರೆ ಅರಬ್ಬಿಯಲ್ಲಿ ಪಿಶಾಚಿ. ಅದು ಪರ್ಸಿಯಸ್ ಪುಂಜದಲ್ಲಿದೆ, ಮೇಲೆ ಹೇಳಿದ ಗೆಲಾಕ್ಸಿಗಳೂ ಅದೇ ದಿಕ್ಕಿನಲ್ಲೇ, ಆದರೆ ಎಷ್ಟೋ ಪಾಲು ಹಿಂದೆ. ಸುಮಾರು ಎರಡೂವರೆ ದಿನ ಅದು ಒಂದೇ ಸಮ ಹೊಳೆಯುತ್ತದೆ. ಆಮೇಲೆ ಸುಮಾರು ಐದು ಗಂಟೆ ಮಂಕಾಗುತ್ತಾ ಇಳಿಯುತ್ತದೆ, ಮತ್ತೆ ಐದು ಗಂಟೆ ಏರುತ್ತದೆ. ಪ್ರತಿ 2 ದಿನ 20 ಗಂಟೆ 49 ನಿಮಿಷಕ್ಕೆ ಒಮ್ಮೆ, ಗಡಿಯಾರದ ಹಾಗೆ. ಈ ತಾಳವನ್ನು ಮೊದಲು ಲೆಕ್ಕಕ್ಕೆ ಹಿಡಿದವನು ಇಂಗ್ಲೆಂಡಿನ ಯಾರ್ಕ್ ಊರಿನ ಜಾನ್ ಗುಡ್‌ರಿಕ್. 1783ರಲ್ಲಿ ಅದನ್ನು ಪ್ರಕಟಿಸಿದಾಗ ಅವನಿಗೆ 18 ವರ್ಷ. ಕತ್ತಲೆಯ ಕಾಯ ಒಂದು ನಕ್ಷತ್ರವನ್ನು ಸುತ್ತುತ್ತಾ ಅಡ್ಡ ಬರುತ್ತಿರಬಹುದು ಅಂದ. ಅದು ನಿಜ ಅಂತ ಖಚಿತವಾಗಲು ನೂರು ವರ್ಷ ಹಿಡಿಯಿತು. ಅವನು ತೀರಿಕೊಂಡಿದ್ದು ನಿಮ್ಮದೇ ವಯಸ್ಸಿನಲ್ಲಿ, 21ಕ್ಕೆ. ಚಿಕ್ಕಂದಿನಿಂದಲೇ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ನಿಮ್ಮ ಕೃತಿ 10 ನಿಮಿಷ, ಅಂದರೆ 600 ಸೆಕೆಂಡ್. ಒಂದೇ ಸುತ್ತನ್ನು ಅದಕ್ಕೆ ಹಿಗ್ಗಿಸಿದರೆ ಮಂಕಾಗುವುದು ಒಂದೇ ಸಲ ಬರುತ್ತದೆ, ಸುಮಾರು 87 ಸೆಕೆಂಡ್. ಕೇಳುವವನಿಗೆ ಅದು ಬರೀ ಒಂದು ಮೆಲ್ಲಗಿನ ಭಾಗ ಅನಿಸುತ್ತದೆ, ಅಷ್ಟೇ. ಅದರ ಬದಲು ಮೂರು ಸುತ್ತು ಇಡಿ. ಒಂದೊಂದು 200 ಸೆಕೆಂಡ್, ಅದರಲ್ಲಿ ಮಂಕು ಸುಮಾರು 29. ಮೊದಲ ಸಲ ಮಂಕಾದಾಗ ‘ಇದೇನು’ ಅನ್ನುತ್ತಾರೆ. ಎರಡನೇ ಸಲ ‘ಓ, ಅದೇ’ ಅನ್ನುತ್ತಾರೆ. ಮೂರನೇ ಸಲಕ್ಕೆ ಅವರೇ ಕಾಯುತ್ತಾರೆ. ಕಾಯುವ ಕೇಳುಗ ಸಿಕ್ಕಿದ ಮೇಲೆ ನೀವು ಏನು ಬೇಕಾದರೂ ಮಾಡಬಹುದು. ಒಂದು ಎಚ್ಚರಿಕೆ: ತಳದಲ್ಲಿ ಕೂರಬೇಡಿ. ಆಲ್ಗಾಲ್ ತಳ ಮುಟ್ಟಿದ ಕೂಡಲೇ ತಿರುಗುತ್ತದೆ.

ಎಷ್ಟು ಮಂಕು? ಖಗೋಳದವರ ಅಳತೆಯಲ್ಲಿ 2.1ರಿಂದ 3.4ಕ್ಕೆ (ಅಲ್ಲಿ ಅಂಕಿ ದೊಡ್ಡದಾದಷ್ಟೂ ಮಂಕು). ಬಿಡಿಸಿ ಲೆಕ್ಕ ಹಾಕಿದರೆ ಬೆಳಕಿನಲ್ಲಿ ನೂರಕ್ಕೆ 30 ಪಾಲು ಉಳಿಯುತ್ತದೆ. ಅಂದರೆ 40 ಜನ ನುಡಿಸುತ್ತಿದ್ದರೆ 12 ಜನ ಉಳಿಯಬೇಕು. ಚೆಂದದ ಲೆಕ್ಕ, ಅಲ್ವಾ? ಆದರೆ ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. 40ರಿಂದ 12ಕ್ಕೆ ಇಳಿದರೆ ಸದ್ದು ಇಳಿಯುವುದು ಬರೀ 5 ಡೆಸಿಬೆಲ್. ಕಿವಿಗೆ ಅದು ‘ಸ್ವಲ್ಪ ಕಡಿಮೆ ಆಯಿತು’ ಅನಿಸುತ್ತದೆ, ಗ್ರಹಣ ಅನಿಸುವುದಿಲ್ಲ. ತಲೆ ಎಣಿಸಿ ಗ್ರಹಣ ಮಾಡಲು ಆಗದು. ಹಾಗಾದರೆ ಹೇಗೆ?

ಆಕಾಶದಲ್ಲಿ ನಡೆಯುವುದನ್ನು ಇನ್ನೂ ಹತ್ತಿರದಿಂದ ನೋಡಿ. ಈ ಆಟ ಆಡುವುದು ಒಂದು ಜೋಡಿ. ಒಂದು ನೀಲಿ ಛಾಯೆಯ ಬಿಸಿ ನಕ್ಷತ್ರ, ಬೆಳಕೆಲ್ಲ ಹೆಚ್ಚುಕಡಿಮೆ ಅದರದ್ದೇ. ಇನ್ನೊಂದು ಕೇಸರಿ ಬಣ್ಣದ್ದು, ಗಾತ್ರದಲ್ಲಿ ಸ್ವಲ್ಪ ದೊಡ್ಡದು, ಆದರೆ ಮಂಕು. ಕೇಸರಿ ನಕ್ಷತ್ರ ನೀಲಿಯ ಮುಂದೆ ಬಂದಾಗ ನಮಗೆ ಕತ್ತಲೆ. ಗಮನಿಸಿ, ಕೇಸರಿ ನಕ್ಷತ್ರ ಆಗಷ್ಟೇ ಬಂದದ್ದಲ್ಲ. ಉದ್ದಕ್ಕೂ ಅಲ್ಲೇ ಇತ್ತು. ನೀಲಿಯ ಅಬ್ಬರದಲ್ಲಿ ನಮಗೆ ಕಂಡಿರಲಿಲ್ಲ.

ನಿಮ್ಮ ಕೃತಿ ಇಲ್ಲೇ ಇದೆ. ವಯೋಲಾ, ಬಸೂನ್, ತಗ್ಗಿನ ಕ್ಲಾರಿನೆಟ್, ಎರಡು ಹಾರ್ನ್, ಒಂದಿಬ್ಬರು ಚೆಲೊ, ಒಟ್ಟು 12 ಜನ. ಅವರಿಗೆ ಒಂದು ನಿಧಾನದ ರಾಗ ಕೊಡಿ. ಮೊದಲ ಬಾರ್‌ನಿಂದ ಅವರು ನುಡಿಸುತ್ತಲೇ ಇರಲಿ. ಮೇಲೆ 28 ಜನ, ಪಿಟೀಲು, ಕೊಳಲು, ಟ್ರಂಪೆಟ್, ಸೆಲೆಸ್ಟಾ, ಹೊಳೆಯುತ್ತಾ ಅವರನ್ನು ಮುಚ್ಚಿರಲಿ. ಮಂಕು ಬಂದಾಗ ಮೇಲಿನವರನ್ನು ಒಬ್ಬೊಬ್ಬರಾಗಿ, ಜಾಗಟೆಯ ಸದ್ದು ಸಾಯುವ ಹಾಗೆ, ಹಿಂದೆ ಸರಿಸಿ. ಆಗ ಕೆಳಗಿನ ರಾಗ ಕೇಳಿಸುತ್ತದೆ, ಅದೂ ಮಧ್ಯದಿಂದ, ಯಾರೋ ಮಾತಾಡುತ್ತಿದ್ದವರ ಕೋಣೆಗೆ ನಾವು ತಡವಾಗಿ ಹೋದ ಹಾಗೆ. ಸದ್ದು ಇಳಿದದ್ದು ಐದೇ ಡೆಸಿಬೆಲ್ ಇರಬಹುದು. ಬಣ್ಣ ಪೂರ್ತಿ ಬದಲಾಗಿದೆ. ಮೂರೂ ಸಲ ರಾಗದ ಬೇರೆ ಬೇರೆ ಜಾಗ ಸಿಗುತ್ತದೆ, ಯಾಕೆಂದರೆ ಅದು ನಮಗಾಗಿ ಕಾಯದೆ ಮುಂದೆ ಹೋಗಿದೆ.

ಸುತ್ತಿನ ಸರಿ ನಡುವೆ ಇನ್ನೊಂದು ಚಿಕ್ಕ ಮಂಕು ಇದೆ. ಆಗ ಕೇಸರಿ ನಕ್ಷತ್ರ ಹಿಂದೆ ಹೋಗುತ್ತದೆ. ಅದು ಬರಿಗಣ್ಣಿಗೆ ಗೊತ್ತಾಗುವುದೇ ಇಲ್ಲ, ಉಪಕರಣ ಬೇಕು. ಅಲ್ಲಿ ಒಬ್ಬ ಹಾರ್ನ್ ವಾದಕನಿಗೆ ಮಾತ್ರ ಎರಡು ಬಾರ್ ವಿಶ್ರಾಂತಿ ಕೊಡಿ. ಯಾರಿಗೂ ತಿಳಿಯುವುದಿಲ್ಲ. ಅವನಿಗೆ ಗೊತ್ತಿರುತ್ತದೆ, ನಿಮಗೆ ಗೊತ್ತಿರುತ್ತದೆ.

ಇನ್ನು ಆ ಡಬಲ್ ಬೇಸ್ ಎಳೆತ. ಅದನ್ನು ತೆಗೆಯಿರಿ ಅಂತ ಹೇಳಲು ನನಗೆ ಬೇರೆಯೇ ಕಾರಣ ಇದೆ. ಹಾಲಿವುಡ್‌ನಲ್ಲಿ ಒಂದೇ ತಗ್ಗು ಸ್ವರ ಎಳೆದರೆ ಶೂನ್ಯ ಅನ್ನುವ ಅರ್ಥ ಬಂದುಬಿಟ್ಟಿದೆ. ಆದರೆ ನೀವು ತಂಬೂರಿಯ ಪಕ್ಕ ಕೂತು ಬೆಳೆದವರು. ನಿಮ್ಮ ಕಿವಿಗೆ ನಿಂತ ಷಡ್ಜ ಅಂದರೆ ಶೂನ್ಯ ಅಲ್ಲ, ಮನೆ. ಕಾಲ ಕೆಳಗಿನ ನೆಲ. ನೆಲ ಕೊಟ್ಟು ‘ತೇಲು’ ಅಂದರೆ ಯಾರು ತೇಲುತ್ತಾರೆ? ತೂಕವಿಲ್ಲದ ಭಾವ ಬೇಕಿದ್ದರೆ ಶ್ರುತಿಯನ್ನು ನಿಲ್ಲಿಸಿ. ಕಛೇರಿಯ ನಡುವೆ ಶ್ರುತಿಪೆಟ್ಟಿಗೆಯ ಕರೆಂಟು ಹೋದಾಗ ಹೊಟ್ಟೆಯಲ್ಲಿ ಏನೋ ಜಾರಿದ ಹಾಗೆ ಆಗುತ್ತದಲ್ಲ, ಅದು. ಹಂಗೆರಿಯ ಲಿಗೆಟಿ 1961ರ ‘ಆಟ್ಮಾಸ್ಫಿಯರ್ಸ್’ ಕೃತಿಯಲ್ಲಿ ಇದನ್ನು ಇನ್ನೊಂದು ತುದಿಯಿಂದ ಸಾಧಿಸಿದ. ಐದಕ್ಕೂ ಹೆಚ್ಚು ಸ್ಥಾಯಿಗಳ ಸ್ವರಗಳನ್ನೆಲ್ಲ ಒಟ್ಟಿಗೆ, ಬಹಳ ಮೆಲ್ಲಗೆ ಹಿಡಿಸಿದ. ಎಲ್ಲವೂ ಇದ್ದರೆ ಯಾವುದೂ ಷಡ್ಜ ಅಲ್ಲ. ಮುಂದೆ ಒಂದು ಕಡೆ ಪಿಕೊಲೊಗಳು ಕಿವಿ ಚುಚ್ಚುವಷ್ಟು ಎತ್ತರಕ್ಕೆ ಹೋಗಿ ತಟಕ್ಕನೆ ನಿಲ್ಲುತ್ತವೆ, ಆ ಕ್ಷಣಕ್ಕೇ ಡಬಲ್ ಬೇಸ್‌ಗಳು ತಳದಲ್ಲಿ ಶುರು. ನಡುವೆ ಮೆಟ್ಟಿಲೇ ಇಲ್ಲ. ಹೆಡ್‌ಫೋನ್ ಹಾಕಿ ಕೇಳಿ, ಕುರ್ಚಿ ಹಿಡಿದುಕೊಳ್ಳುತ್ತೀರಿ. ಈ ಕೃತಿಯನ್ನು ಆಮೇಲೆ ಬಾಹ್ಯಾಕಾಶದ ಒಂದು ಪ್ರಸಿದ್ಧ ಸಿನಿಮಾಗೆ ಬಳಸಿದರು. ಬರೆದವನ ತಲೆಯಲ್ಲಿ ಸಿನಿಮಾ ಇರಲಿಲ್ಲ.

ಕೊನೆಗೆ ಕೈಕೆಲಸದ ಮಾತು. ಲ್ಯಾಪ್‌ಟಾಪ್‌ನ ವಾದ್ಯಗಳಿಗೆ ದಣಿವಿಲ್ಲ, ಅದೇ ಅವುಗಳ ದೋಷ. ನಾನು ಮೊದಲ ಸಲ ನಿಜವಾದ ವಾದಕರಿಗೆ ಬರೆದಾಗ ಕೊಳಲಿಗೆ ಹದಿನಾರು ಬಾರ್ ಒಂದೇ ಸ್ವರ ಕೊಟ್ಟಿದ್ದೆ. ಕಂಪ್ಯೂಟರಿನಲ್ಲಿ ಸ್ವರ್ಗದ ಹಾಗಿತ್ತು. ಸ್ಟುಡಿಯೊದಲ್ಲಿ ಕೊಳಲಿನವರು ಹಾಳೆ ನೋಡಿ, ಎದ್ದು ನಿಂತು, ಬಹಳ ವಿನಯದಿಂದ ಕೇಳಿದರು: “ಸರ್, ಉಸಿರು ಎಲ್ಲಿ ತಗೊಳ್ಳಲಿ?” ಎಲ್ಲರೂ ನಕ್ಕರು. ಆವತ್ತು ಕಾಸು ಕೊಟ್ಟು ತಗೊಂಡ ಎರಡು ಗಂಟೆಯಲ್ಲಿ ಅರ್ಧ ಗಂಟೆ ಅದನ್ನು ತಿದ್ದಲು ಹೋಯಿತು. ಉದ್ದ ಸ್ವರ ಬೇಕಿದ್ದರೆ ಇಬ್ಬರಿಗೆ ಹಂಚಿ, ಒಬ್ಬರು ಬಿಡುವ ಮುಂಚೆ ಇನ್ನೊಬ್ಬರು ಹಿಡಿಯಲಿ. ನಿಮ್ಮ ಎರಡನೇ ನಿಮಿಷದಲ್ಲಿ ಕೊಳಲು ತನ್ನ ತೀರಾ ತಗ್ಗು ಸ್ವರಗಳಲ್ಲಿದೆ, ಮೇಲೆ ಮೂವತ್ತು ತಂತಿವಾದ್ಯ. ಸಾಫ್ಟ್‌ವೇರ್‌ನಲ್ಲಿ ನೀವು ವಾಲ್ಯೂಮ್ ಏರಿಸಿದ್ದಕ್ಕೆ ಕೇಳಿಸುತ್ತಿದೆ. ಹಾಲ್‌ನಲ್ಲಿ ಅದು ಇದ್ದೂ ಇಲ್ಲದ ಹಾಗೆ. ಕೆಳಗಿನ ಸ್ವರಗಳನ್ನೂ ಒತ್ತೊತ್ತಾಗಿ ಜೋಡಿಸಿದ್ದೀರಿ, ಕೆಸರಾಗಿದೆ. ತಳದಲ್ಲಿ ದೂರ ದೂರ, ಮೇಲೆ ಹೋದ ಹಾಗೆ ಹತ್ತಿರ ಹತ್ತಿರ. ತಂಬೂರಿಯ ತಂತಿಯೊಳಗೆ ಸ್ವರಗಳು ಇರುವುದೂ ಹೀಗೆಯೇ.

ನುಡಿಸುವವರು ಎಲ್ಲಿ ಸಿಗುತ್ತಾರೆ ಅನ್ನುವುದು ನೀವು ಕೇಳದ ಪ್ರಶ್ನೆ, ಆದರೆ ನಾಳೆ ಕೇಳುತ್ತೀರಿ. ನಮ್ಮೂರುಗಳಲ್ಲಿ ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲಿನ ರಸಮಂಜರಿ. ವೃತ್ತಿಪರ ಸಿಂಫನಿ ಆರ್ಕೆಸ್ಟ್ರಾ ಅಂದರೆ ಮುಂಬೈನ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಮೊದಲ ಕೃತಿಗೇ ಅದರ ಬಾಗಿಲು ತೆರೆಯುವುದು ಕಷ್ಟ. ಅದಕ್ಕೇ ಮೊದಲು ಆ ಕೇಸರಿ ನಕ್ಷತ್ರದ 12 ಜನರ ಭಾಗವನ್ನು ಪೂರ್ತಿ ಬರೆಯಿರಿ. ಒಂಟಿಯಾಗಿ ನುಡಿಸಿದರೂ ನಿಲ್ಲುವ ಹಾಗಿರಲಿ. ಹನ್ನೆರಡು ಜನರನ್ನು ಬೆಂಗಳೂರಿನಲ್ಲಿ ಒಂದು ಭಾನುವಾರ ಸೇರಿಸಬಹುದು, ಎರಡು ಪ್ಲೇಟ್ ಬಿರಿಯಾನಿ ಜಾಸ್ತಿ ತರಿಸಿ. ಮೇಲಿನ 28 ಜನ ಆಮೇಲೆ ಬರಲಿ.

ಅದಕ್ಕೂ ಮುಂಚೆ ನಕ್ಷತ್ರ ನೋಡಿ. ಡಿಸೆಂಬರ್‌ನಲ್ಲಿ ರಾತ್ರಿ ಎಂಟು, ಒಂಬತ್ತರ ಹೊತ್ತಿಗೆ ಉತ್ತರಕ್ಕೆ ತಿರುಗಿ ನಿಂತರೆ ಕ್ಯಾಸಿಯೋಪಿಯ ಪುಂಜದ ಐದು ನಕ್ಷತ್ರಗಳ ಅಂಕುಡೊಂಕು ಕಾಣುತ್ತದೆ. ಅಲ್ಲಿಂದ ಕೃತ್ತಿಕೆಯ ಗೊಂಚಲಿನ ಕಡೆಗೆ ಕಣ್ಣು ಹಾಯಿಸಿದರೆ ದಾರಿಯಲ್ಲಿ ಪರ್ಸಿಯಸ್. ಆಲ್ಗಾಲ್ ಮಾಮೂಲಿ ದಿನ ಪಕ್ಕದ ಆಂಡ್ರೊಮಿಡಾ ಪುಂಜದ ಆಲ್ಮಾಕ್‌ನಷ್ಟೇ ಹೊಳೆಯುತ್ತದೆ. ಅದಕ್ಕಿಂತ ಸ್ಪಷ್ಟವಾಗಿ ಮಂಕಾಗಿದ್ದರೆ ನಿಮ್ಮ ಅದೃಷ್ಟ. ಮಂಗಳವಾರ ಬೆಳಗಿನ ಜಾವ 1 ಗಂಟೆಗೆ ತಳ ಮುಟ್ಟಿದರೆ ಮುಂದಿನ ಸಲ ಗುರುವಾರ ರಾತ್ರಿ 9 ಗಂಟೆ 49 ನಿಮಿಷಕ್ಕೆ. ಸಂಜೆ ಕತ್ತಲಾದ ಕೂಡಲೇ ಕೂತು ಅರ್ಧ ಗಂಟೆಗೊಮ್ಮೆ ಆಲ್ಮಾಕ್‌ಗೆ ಹೋಲಿಸಿ, ಪುಸ್ತಕದಲ್ಲಿ ಒಂದೊಂದು ಚುಕ್ಕೆ ಇಡುತ್ತಾ ಹೋಗಿ. ಹಾಸನದ ಚಳಿ ಗೊತ್ತಲ್ಲ, ಸ್ವೆಟರ್ ಹಾಕಿಕೊಳ್ಳಿ. ಆ ಚುಕ್ಕೆಗಳನ್ನು ಸೇರಿಸಿದ ಗೆರೆಯ ಫೋಟೊ ನನಗೂ ಕಳಿಸಿ. ಮುಂದಿನ ಆಡಿಯೊಗಿಂತ ಮೊದಲು ಅದನ್ನು ನೋಡಬೇಕು ನನಗೆ.